ಬೇಣವು ಬೀಳಲ್ಲ

ಸಂಸ್ಕೃತದಲ್ಲಿ ಒಂದು ವಸ್ತುವನ್ನು ಅಲ್ಪವೆಂದು ತಳ್ಳಿಬಿಡಬೇಕಾದರೆ ಅದನ್ನು ತೃಣೀಕರಿಸಿದರೆಂದು ಹೇಳುವ ರೂಢಿಯುಂಟು. ಕನ್ನಡದಲ್ಲಿಯೂ ಹುಲ್ಲಿಗೆ ಸಮಾನವೆಂದರೆ ಬೆಲೆಯಿಲ್ಲದ್ದೆಂದೇ ಅರ್ಥ. ಭಾಷೆಯಲ್ಲಿ ಬೇರೂರಿದ ಈ ತಾತ್ಸಾರವು ಬರೇ ಮಾತಿನಲ್ಲಿಯೇ ನಿಂತಿದ್ದರೆ ಯಾರಿಗೂ ಹಾನಿಯಿರಲಿಲ್ಲ. ಅದು ಕಂದಾಯದ ಕಾಗದಕ್ಕೆ ಇಳಿಯಿತು. ಅಲ್ಲಿಂದ ಅರಣ್ಯಖಾತೆಯ ನಕಾಶೆಗೆ ಹತ್ತಿತು. ಕೊನೆಗೆ ತೋಟಿಗರ ಮನಸ್ಸಿನಲ್ಲಿಯೂ ಮನೆಮಾಡಿತು. ಮರವಿದ್ದರೆ ಅದು ಕಾಡು, ಪೈರಿದ್ದರೆ ಗದ್ದೆ, ಅಡಿಕೆಯಿದ್ದರೆ ತೋಟ. ಹುಲ್ಲು ಮಾತ್ರವಿದ್ದರೆ ಬೀಳು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಬೇಣಗಳು ಕಳೆದ ನಾಲ್ಕು ದಶಕಗಳಲ್ಲಿ ಕೆಟ್ಟದ್ದರಲ್ಲಿ ಕೊಡಲಿಗಿಂತಲೂ ಈ ಒಂದು ಶಬ್ದದ ಪಾಲೇ ಹೆಚ್ಚಿನದು.

ಬೇಣವೆಂದರೇನೆಂಬದನ್ನು ಘಟ್ಟದ ಮೇಲಿನ ಹಿರಿಯರಿಗೆ ಹೇಳಬೇಕಾದದ್ದಿಲ್ಲ. ಆದರೆ ಈಗಿನ ತರುಣರಲ್ಲಿ ಅನೇಕರು ಅದನ್ನು ಹೆಸರಿನಿಂದ ಮಾತ್ರ ಬಲ್ಲರು. ಗುಡ್ಡದ ಓರೆಯಲ್ಲಿ ಜಂಬಿಟ್ಟಿಗೆಯ ಬಡನೆಲ; ಅದರ ಮೇಲೆ ಅಲ್ಲಲ್ಲಿ ಒಂದು ನೆಲ್ಲಿ, ಒಂದು ಕೌಲು, ಒಂದು ಮತ್ತಿ; ಅವುಗಳ ನಡುವೆ ಮಳೆಗಾಲದ ಕೊನೆಗೆ ಎದೆಮಟ್ಟ ನಿಲ್ಲುವ ಹುಲ್ಲು. ಬೆಟ್ಟದಿಂದ ಸೊಪ್ಪು, ಬೇಣದಿಂದ ಹುಲ್ಲು, ಇವೆರಡೂ ಕೊಟ್ಟಿಗೆಯಲ್ಲಿ ಸೇರಿ ಗೊಬ್ಬರವಾಗಿ ತೋಟಕ್ಕೆ ಹೋಗುವವು. ಬ್ರಿಟಿಷರ ಕಾಲದ ಅರಣ್ಯವ್ಯವಸ್ಥೆಯಲ್ಲಿ ತೋಟದ ಎಕರೆಯೊಂದಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ದೊರೆತ ಸಂಗತಿಯು ಎಲ್ಲರ ಬಾಯಲ್ಲಿಯೂ ಇದೆ. ಬೇಣದ ಹುಲ್ಲೂ ಅಂಥ ಸವಲತ್ತುಗಳಲ್ಲೊಂದಾಗಿತ್ತೆಂಬದನ್ನು ನೆನೆಯುವವರು ವಿರಳ. ದನಗಳು ಮಳೆಗಾಲದಲ್ಲಿ ಮೇದು ಬಿಟ್ಟದ್ದನ್ನು ಬಲಿತ ಮೇಲೆ ಕೊಯ್ದು ಕರಡ ಮಾಡುವರು. ಕರಡವು ಮಾಡಿಗೆ ಹೊದಿಕೆಯೂ ದನಗಳಿಗೆ ಹಾಸಿಗೆಯೂ ಆಗಿ ಕಡೆಗೆ ಮಣ್ಣನ್ನೇ ಸೇರುವದು.

ದಾಸನಕೊಪ್ಪದ ಸುತ್ತಿನ ಸೀಮೆಯಲ್ಲಿ ಈ ವಿಷಯವು ಇನ್ನಷ್ಟು ಮಹತ್ವದ್ದು. ಶಿರಸಿಯಿಂದ ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತ, ಕಾನು ತೆಳುವಾಗುತ್ತ, ಮಲೆನಾಡು ಹಾನಗಲ್ಲಿನ ಬಯಲಿಗೆ ಎಡೆಗೊಡುವದು. ಪಡುವಣದಲ್ಲಿ ಬೇಣವೊಂದು ಕೆಟ್ಟರೆ ಅದರ ಬದಲಿಗೆ ಸೊಪ್ಪಿನ ಮರಗಳಾದರೂ ಕೈಹಿಡಿದಾವು. ಮೂಡಣದ ಈ ನಡುಸೀಮೆಯಲ್ಲಿ ಹುಲ್ಲು ಹೋದರೆ ಅದರ ಸ್ಥಾನವನ್ನು ತುಂಬತಕ್ಕ ಬೇರೆ ವಸ್ತುವೇ ಇಲ್ಲ. ಇಂಥಲ್ಲಿ ಹುಲ್ಲಿನ ವಿಚಾರವನ್ನು ತೃಣಪ್ರಾಯವೆಂದು ಬಿಡುವವರು ತಮ್ಮ ಕೊಟ್ಟಿಗೆಯ ಲೆಕ್ಕವನ್ನೇ ಬಿಟ್ಟಂತೆ.

ವಾದವು ಇಲ್ಲಿಂದ ಮೊದಲಾಗಬೇಕು. ಹುಲ್ಲುಗಾವಲಿನಲ್ಲಿ ಎಲ್ಲ ಸಸ್ಯಗಳೂ ಸಮಾನವಾದ ಅಧಿಕಾರವುಳ್ಳವುಗಳಲ್ಲ. ಭಾದ್ರಪದದಲ್ಲಿ ಒಂದು ಮಾರು ಚೌಕದ ಬೇಣವನ್ನು ಎದುರಿಗಿಟ್ಟುಕೊಂಡು ಎಣಿಸಿದರೆ ಹತ್ತಾರು ಬಗೆಯ ಸಸ್ಯಗಳು ಸಿಕ್ಕಾವು: ಗೌರಿಹೂವಿನ ಬಳ್ಳಿ, ನೆಲಕ್ಕಂಟಿದ ಚಿಕ್ಕ ದ್ವಿದಳಗಳು, ನೆಲದ ಸೀತಾಳೆಗಳು, ಹೆಸರಿಲ್ಲದ ಎಷ್ಟೋ ಎಳೆಹುಲ್ಲುಗಳು. ಆದರೆ ಅದೇ ಚೌಕವನ್ನು ಕೊಯ್ದು ಒಣಗಿಸಿ ತೂಗಿದರೆ ತಕ್ಕಡಿಯಲ್ಲಿ ಕೂರುವದು ಎರಡು ಮೂರು ಜಾತಿಯ ಎತ್ತರದ ಹುಲ್ಲೇ. ಸಸ್ಯಶಾಸ್ತ್ರಜ್ಞರು ಥೆಮೆಡಾ, ಹೆಟೆರೊಪೋಗನ್ ಮುಂತಾದ ಹೆಸರಿನಿಂದ ಕರೆಯುವ ಈ ಕೆಲವೇ ಜಾತಿಗಳು ಬೇಣದ ಒಡೆಯರು. ಇಂಗ್ಲಂಡದ ಶೆಫೀಲ್ಡ್ ವಿಶ್ವವಿದ್ಯಾಲಯದ ಫಿಲಿಪ್ ಗ್ರೈಮ್ ಎಂಬ ವಿದ್ವಾಂಸರು ೧೯೯೮ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ಒಂದು ನೆಲದ ಮೇಲೆ ಯಾವ ಸಸ್ಯವು ಎಷ್ಟು ರಾಶಿಯಾಗಿ ಬೆಳೆಯುವದೋ ಅಷ್ಟರ ಪ್ರಮಾಣದಲ್ಲಿಯೇ ಆ ನೆಲದ ವ್ಯವಹಾರಗಳ ಮೇಲೆ ಅದರ ಪ್ರಭಾವವಿರುವದೆಂದೂ, ಎಷ್ಟು ಜಾತಿಗಳಿವೆಯೆಂಬದಕ್ಕಿಂತ ಮೇಲುಗೈಯಾದ ಜಾತಿಯ ಸ್ವಭಾವವೇನೆಂಬದನ್ನು ಮೊದಲು ಕೇಳಬೇಕೆಂದೂ ಅದರ ತಾತ್ಪರ್ಯ. ಅವರು ಸಸ್ಯಗಳನ್ನು ಪ್ರಧಾನ, ಉಪಪ್ರಧಾನ, ಆಗಂತುಕ ಎಂದು ಮೂರಾಗಿ ವಿಂಗಡಿಸಿದರು.

ಪಾಠಶಾಲೆಯಲ್ಲಿ ಕಲಿತವರಿಗೆ ಇದು ಹೊಸದೆನಿಸಲಾರದು. ವ್ಯಾಕರಣದಲ್ಲಿ ಬ್ರಾಹ್ಮಣಗ್ರಾಮನ್ಯಾಯವೆಂದು ಒಂದುಂಟು. ಒಂದು ಊರಲ್ಲಿ ಬ್ರಾಹ್ಮಣರು ಹೆಚ್ಚಾಗಿದ್ದರೆ ಅದು ಬ್ರಾಹ್ಮಣರ ಊರೆನಿಸಿಕೊಳ್ಳುವದು. ಹಾಗೆಂದು ಅಲ್ಲಿ ಬೇರೆಯವರು ಇಲ್ಲವೆಂದಲ್ಲ. ಕುಂಬಾರ, ಕಮ್ಮಾರ, ಬಡಗಿ, ಕ್ಷೌರಿಕ, ಅಗಸ ಈ ಐವರಿಲ್ಲದೆ ಯಾವ ಊರೂ ನಡೆಯದೆಂದು ವ್ಯಾಖ್ಯಾನಕಾರರೇ ಒಪ್ಪಿದ್ದಾರೆ. ಪ್ರಾಧಾನ್ಯದಿಂದ ಹೆಸರು, ಸಹಕಾರದಿಂದ ಬದುಕು. ಬೇಣದಲ್ಲಿಯೂ ಕರಡದ ಹುಲ್ಲು ಹೆಸರನ್ನೂ ನಡತೆಯನ್ನೂ ಕೊಡುವದು. ಚಿಕ್ಕ ಸಸ್ಯಗಳು ಅದರ ನೆರಳಿನಲ್ಲಿ ತಮ್ಮ ತಮ್ಮ ಕಸುಬು ನಡೆಸುವವು.

ಈ ಒಡೆಯನ ಸ್ವಭಾವವನ್ನು ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದು. ಯಾಕೆಂದರೆ ಮುಂದಿನ ಜಗಳವೆಲ್ಲ ಇದರ ಮೇಲೆಯೇ ನಿಂತಿದೆ. ಎತ್ತರದ ಬೇಣದ ಹುಲ್ಲುಗಳು ಬಿಸಿಲು ಏರಿದಷ್ಟೂ ಚುರುಕಾಗಿ, ನೀರನ್ನು ಮಿತವಾಗಿ ವೆಚ್ಚಮಾಡಿ ಆಹಾರವನ್ನು ಕಟ್ಟಿಕೊಳ್ಳುವ ಒಂದು ವಿಶೇಷ ಕ್ರಮವುಳ್ಳವು. ಮರಗಳಲ್ಲಿ ಈ ಕ್ರಮವಿಲ್ಲವೆಂದೇ ಹೇಳಬಹುದು. ಅವುಗಳಿಗೆ ಸಾರಜನಕವೂ ಕಡಿಮೆ ಸಾಕು. ಆದ್ದರಿಂದ ಮಳೆಯಿಂದ ತೊಳೆದುಹೋದ ಜಂಬಿಟ್ಟಿಗೆಯ ನೆಲದಲ್ಲಿ, ಬೇರೆ ಪೈರು ಹಳದಿಯಾಗುವಲ್ಲಿ, ಇವು ಹುಲುಸಾಗಿ ಬರುವವು. ಬೇರುಗಳು ಆಳಕ್ಕಿಳಿಯುವ ಗೂಟಗಳಲ್ಲ, ಮೇಲಿನ ಮಣ್ಣನ್ನು ಜಾಲದಂತೆ ಹೆಣೆಯುವ ಎಳೆಗಳು. ವರುಷವೂ ಇವುಗಳಲ್ಲಿ ಒಂದು ಭಾಗ ಸತ್ತು ಅಲ್ಲಿಯೇ ಮಣ್ಣಿಗೆ ಕಸುವಾಗುವದು. ಆಷಾಢದ ಜಡಿಮಳೆಯು ನೇರವಾಗಿ ನೆಲಕ್ಕೆ ಬಡಿಯದೆ ಹುಲ್ಲಿನ ಬುಡದಲ್ಲಿ ಒಡೆದು ಇಳಿಯುವದು. ಮುಂದೆ ಚಳಿಗಾಲ ಬಂದೊಡನೆ ಹುಲ್ಲು ಒಣಗಿ ಉಸಿರು ಹಿಡಿದು ಕೂರುವದು. ಆಗ ಅದು ನೆಲದ ನೀರನ್ನು ಕುಡಿಯುವದಿಲ್ಲ. ನಾಲ್ಕೈದು ತಿಂಗಳ ಈ ಉಪವಾಸವು ತಗ್ಗಿನ ಅಬ್ಬಿನೀರಿಗೂ ಬಾವಿಗೂ ಎಷ್ಟು ಉಪಕಾರವೆಂಬದನ್ನು ತೋಟಿಗನು ಯೋಚಿಸಬೇಕು.

ಬೆಂಕಿಯ ಸಂಗತಿಯೂ ಹೀಗೆಯೇ. ಕಾಳ್ಗಿಚ್ಚು ಹುಲ್ಲಿನ ಮೇಲೆ ಬೇಗ ಓಡಿ ಬೇಗ ಆರುವದು. ಹುಲ್ಲಿನ ಮೊಳಕೆಗಣ್ಣು ನೆಲದ ಮಟ್ಟದಲ್ಲಿ, ಒಣಗಿದ ಸೋಗೆಯ ಮರೆಯಲ್ಲಿ ಅಡಗಿರುವದರಿಂದ ಮೇಲೆ ಸುಟ್ಟರೂ ಬುಡ ಉಳಿಯುವದು. ಹೆಟೆರೊಪೋಗನ್ನಿನ ಬೀಜದ ಚಾತುರ್ಯವಂತೂ ಆಶ್ಚರ್ಯಕರವಾದದ್ದು. ಹಾದುಹೋಗುವವರ ಪಂಚೆಗೆ ಚುಚ್ಚಿಕೊಂಡು ಪೀಡಿಸುವ ಅದರ ಊಬು ತೇವ ತಗಲಿದರೆ ಬಿಚ್ಚಿಕೊಂಡೂ ಒಣಗಿದರೆ ಸುರುಳಿಸುತ್ತಿಕೊಂಡೂ ಬೀಜವನ್ನು ಭೈರಿಗೆಯಂತೆ ನೆಲದೊಳಕ್ಕೆ ಕೊರೆದು ನೂಕುವದು. ಕಿಚ್ಚು ಹಾದುಹೋಗುವಾಗ ಬೀಜವು ಸುರಕ್ಷಿತವಾಗಿ ಮಣ್ಣಿನಲ್ಲಿರುವದು. ನೆಲ್ಲಿ, ಕೌಲುಗಳ ದಪ್ಪ ತೊಗಟೆಯೂ ಇಂಥ ತಗ್ಗಿನ ಬೆಂಕಿಗೆ ಒಗ್ಗಿದ್ದು. ಒಡೆಯನು ಎಂಥವನೋ ಅವನ ಮನೆಯ ಬೆಂಕಿಯೂ ಅಂಥದು.

ಈಗ ಪ್ರತಿಪಕ್ಷದವರನ್ನು ವಿಚಾರಿಸೋಣ. ಮೊದಲನೆಯವರು ಹಸುರುವಾದಿಗಳು. ಬೋಳುಗುಡ್ಡದ ಮೇಲೆ ಮರ ಬೆಳೆದರೆ ಹಾನಿಯೇನು, ಹಸುರೆಲ್ಲ ಹಸುರೇ ಅಲ್ಲವೇ ಎಂದು ಇವರು ಕೇಳುವರು. ಈ ಮಾತನ್ನೇ ಆಧಾರವಾಗಿಟ್ಟುಕೊಂಡು ೧೯೮೦ರ ದಶಕದಿಂದ ಜಿಲ್ಲೆಯ ತುಂಬೆಲ್ಲ ಅಕೇಶಿಯಾ ನೆಟ್ಟರು. ೧೯೯೦ರ ದಶಕದಲ್ಲಿ ಬ್ರಿಟನ್ನಿನ ಹಣದ ನೆರವಿನಿಂದ ಪಶ್ಚಿಮಘಟ್ಟದ ಅರಣ್ಯಯೋಜನೆ ಬಂದು, ಗ್ರಾಮ ಅರಣ್ಯ ಸಮಿತಿಗಳಾದವು. ಆಗಲೂ ಗುಂಡಿಗಳಲ್ಲಿ ಕುಳಿತದ್ದು ಬಹುಮಟ್ಟಿಗೆ ಅದೇ ಮರ. ಆಸ್ಟ್ರೇಲಿಯಾ, ನ್ಯೂಗಿನಿಗಳಿಂದ ೧೯೪೬ರಲ್ಲಿ ಭಾರತಕ್ಕೆ ಬಂದ ಈ ಮರಕ್ಕೆ ದನ ಬಾಯಿ ಹಾಕದು, ನೀರು ಹಾಕಬೇಕಾದದ್ದಿಲ್ಲ, ಎಂಥ ನೆಲದಲ್ಲಿಯೂ ಸಾಯದು. ನೆಡುವವನ ಲೆಕ್ಕದಲ್ಲಿ ಇವೆಲ್ಲ ಗುಣಗಳು. ದನ ಸಾಕುವವನ ಲೆಕ್ಕದಲ್ಲಿ ಮೊದಲನೆಯದೇ ದೋಷ.

ನ್ಯಾಯವಾಗಿ ಹೇಳಬೇಕಾದರೆ, ಮಣ್ಣು ಪೂರ್ತಿ ಕೊಚ್ಚಿಹೋಗಿ ಹುಲ್ಲೂ ಹಿಡಿಯದ ದರೆಯಲ್ಲಿ ಅಕೇಶಿಯಾ ನೆಲವನ್ನು ಹಿಡಿದೀತು, ಉರುವಲನ್ನೂ ಕೊಟ್ಟೀತು. ಅಂಥಲ್ಲಿ ನೆಟ್ಟದ್ದನ್ನು ಯಾರೂ ಆಕ್ಷೇಪಿಸಲಾರರು. ಆಕ್ಷೇಪವಿರುವದು ತುಂಬಿ ನಿಂತ ಹುಲ್ಲನ್ನು ಅಗೆದು ನೆಟ್ಟದ್ದಕ್ಕೆ. ಅಲ್ಲಿ ನಡೆದದ್ದು ಬೋಳಾದದ್ದನ್ನು ತುಂಬುವ ಕೆಲಸವಲ್ಲ. ಒಬ್ಬ ಒಡೆಯನನ್ನು ಇಳಿಸಿ ಇನ್ನೊಬ್ಬನನ್ನು ಪಟ್ಟಕ್ಕೆ ಕೂರಿಸುವ ಕೆಲಸ. ಹೊಸ ಒಡೆಯನ ರಾಜ್ಯಭಾರ ಹೇಗಿದೆ? ಅವನ ಎಲೆಯೆನಿಸಿಕೊಳ್ಳುವ ತೊಟ್ಟಿನ ಹಾಳೆಯು ಬೇಗ ಕೊಳೆಯದು. ಹಾಸಿ ಹಾಸಿ ನೆಲದ ಮೇಲೆ ಚಾಪೆಯಂತೆ ಕೂತು, ಬಿಸಿಲನ್ನು ಬಯಸುವ ಹುಲ್ಲನ್ನು ಮೊಳೆಯಗೊಡದು. ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಕೂಡಿಹಾಕುವದರಿಂದ ಮಣ್ಣಿನ ಪಾಕವೇ ಬೇರೆಯಾಗುವದು. ಸಾರಜನಕ ಹೆಚ್ಚಿದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿಯಾರು. ಗದ್ದೆಗೆ ಒಳ್ಳೆಯದು, ಬಡನೆಲಕ್ಕೆ ಒಗ್ಗಿ ಅದೇ ಬಲದಿಂದ ಇತರರನ್ನು ದೂರವಿಟ್ಟ ಹುಲ್ಲಿಗೆ ಅದು ಶತ್ರುವಿಗೆ ಬಾಗಿಲು ತೆರೆದಂತೆ. ಅಕೇಶಿಯಾ ಕಡಿದ ಮೇಲೆ ಆ ಜಾಗದಲ್ಲಿ ಕರಡವು ತಾನಾಗಿ ಮರಳುವದೆಂದು ನಂಬಿದವರು ಕಡಿದ ತೋಪಿಗೆ ಒಮ್ಮೆ ಹೋಗಿ ನೋಡಲಿ. ಅಲ್ಲಿ ಮೊದಲು ತಲೆಯೆತ್ತುವದು ಯುಪಟೋರಿಯಂ.

ಈ ಯುಪಟೋರಿಯಮ್ಮಿನ ಪ್ರತಾಪವನ್ನು ವರ್ಣಿಸಲು ಹೆಚ್ಚು ಮಾತು ಬೇಡ; ಈ ಮೂರು ತಾಲೂಕುಗಳಲ್ಲಿ ಅದನ್ನು ಶಪಿಸದ ರೈತನಿಲ್ಲ. ಅಮೇರಿಕೆಯ ಉಷ್ಣಪ್ರದೇಶದಿಂದ ಬಂದದ್ದು. ಆಳುದ್ದಕ್ಕೂ ಮಿಕ್ಕಿ ಬೆಳೆಯುವದು. ಬೀಜಕ್ಕೆ ಹತ್ತಿಯಂತಹ ಎಳೆಯಿರುವದರಿಂದ ಫಾಲ್ಗುಣದ ಗಾಳಿಯೇ ಅದರ ಬಿತ್ತುಗಾರ. ದನ ಅದನ್ನು ಮುಟ್ಟದು. ಹಸಿವಿನಿಂದ ತಿಂದರೆ ಅದರಲ್ಲಿಯ ನೈಟ್ರೇಟು ವಿಷವಾಗುವದು. ಆದರೆ ಎಲ್ಲರೂ ಗಮನಿಸದ ಒಂದು ಸಂಗತಿಯುಂಟು. ಒಣಗಿದ ಯುಪಟೋರಿಯಂ ಉರಿಯುವ ರೀತಿ ಹುಲ್ಲು ಉರಿಯುವ ರೀತಿಯಲ್ಲ. ಅದರ ಜ್ವಾಲೆ ಎತ್ತರಕ್ಕೆ ಏರಿ ಕೌಲಿನ ಕೊಂಬೆಗೂ ತಗಲುವದು. ಬುಡವಾದರೋ ಸಾಯದೆ ಮಳೆ ಬಂದೊಡನೆ ನಾಲ್ಕರಷ್ಟು ಚಿಗುರುವದು. ಹೀಗೆ ಬೆಂಕಿಯು ಮೊದಲು ಹುಲ್ಲಿನ ಮಿತ್ರನಾಗಿದ್ದದ್ದು ಈಗ ಕಳೆಯ ಮಿತ್ರನಾಯಿತು. ನೆಲ ಅದೇ, ಮಳೆ ಅದೇ, ಕಿಚ್ಚೂ ಅದೇ. ಮೇಲುಗೈಯಾದ ಸಸ್ಯ ಬದಲಾದ ಮಾತ್ರಕ್ಕೆ ಫಲವೆಲ್ಲ ತಲೆಕೆಳಗಾಯಿತು. ಪ್ರಧಾನಸಸ್ಯದ ಪ್ರಭಾವಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣವನ್ನು ಯಾವ ವಿಶ್ವವಿದ್ಯಾಲಯವೂ ತೋರಿಸಲಾರದು.

ನೀರಿನ ವಿಷಯದಲ್ಲಿ ಅಂದಾಜಿನ ಮಾತು ಬೇಡ. ಅಳತೆ ಮಾಡಿದ್ದೇ ಉಂಟು. ನೀಲಗಿರಿಯ ಗ್ಲೆನ್‌ಮಾರ್ಗನ್ನಿನಲ್ಲಿ ಒಂದರ ಮಗ್ಗುಲಲ್ಲೊಂದಿರುವ ಎರಡು ಹುಲ್ಲುಗುಡ್ಡಗಳ ಕಣಿವೆಗಳನ್ನು ಆರಿಸಿ, ೧೯೭೨ರಲ್ಲಿ ಒಂದರ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ನೀಲಗಿರಿ ಮರವನ್ನು ನೆಟ್ಟು, ಇನ್ನೊಂದನ್ನು ಇದ್ದಂತೆಯೇ ಬಿಟ್ಟು, ಎರಡರಿಂದಲೂ ಹರಿದು ಬರುವ ನೀರನ್ನು ವರುಷಗಟ್ಟಲೆ ಅಳೆದರು. ಮೊದಲ ಹತ್ತು ವರುಷಗಳಲ್ಲಿ ಮರ ನೆಟ್ಟ ಕಣಿವೆಯ ನೀರು ನೂರಕ್ಕೆ ಸುಮಾರು ೧೬ರಷ್ಟು ಇಳಿಯಿತು. ಕಡಿದ ಮೇಲೆ ಬುಡದಿಂದ ಚಿಗುರಿದ ಎರಡನೆಯ ಬೆಳೆಯಲ್ಲಿ ಈ ನಷ್ಟವು ಸುಮಾರು ೨೫ಕ್ಕೆ ಏರಿತು. ನೀಲಗಿರಿ ಮರ ಬೇರೆ, ಅಕೇಶಿಯಾ ಬೇರೆ ಎಂದು ವಕೀಲಿ ಮಾಡುವವರಿದ್ದಾರೆ. ಬೇರೆಯೆಂಬದು ನಿಜ. ಆದರೆ ವರುಷವಿಡೀ ಎಲೆಯಿಟ್ಟುಕೊಂಡು ಬೇಸಗೆಯಲ್ಲಿಯೂ ನೆಲದ ನೀರನ್ನು ಸೇದುವದರಲ್ಲಿ ಎರಡೂ ಒಂದೇ ಪಂಕ್ತಿಯವು. ಚಳಿಗಾಲದಲ್ಲಿ ಒಣಗಿ ನಿಲ್ಲುವ ಹುಲ್ಲಿನ ಪಂಕ್ತಿಯಲ್ಲಿ ಎರಡೂ ಕೂರಲಾರವು.

ಎತ್ತರದ ಮಲೆಗಳಲ್ಲಿ ಇದೇ ನಾಟಕವು ಇನ್ನೂ ದೊಡ್ಡದಾಗಿ ನಡೆದಿದೆ. ಕುದುರೆಮುಖ, ಬಾಬಾಬುಡನ್‌ಗಿರಿಗಳ ನೆತ್ತಿಯಲ್ಲಿ ಹುಲ್ಲು, ಮಡಿಲಲ್ಲಿ ಶೋಲೆಯ ಕಾಡು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವದು ಅಂಥ ಹುಲ್ಲಿನ ನೆತ್ತಿಯ ಕೆಳಗೆ. ದಕ್ಷಿಣಕ್ಕೆ ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನೀಲಗಿರಿ ಮರವನ್ನೂ ವಾಟಲ್ ಎಂಬ ಕರಿಯ ಅಕೇಶಿಯವನ್ನೂ ತಂದು ನೆಟ್ಟದ್ದರ ಫಲವಾಗಿ, ನೆಡದ ಜಾಗಕ್ಕೂ ವಾಟಲ್ ತಾನಾಗಿ ಹಬ್ಬಿತು. ಪಳನಿಯಲ್ಲಿ ೧೯೭೩ರಿಂದ ನಾಲ್ಕು ದಶಕಗಳೊಳಗೆ ಹುಲ್ಲುಗಾವಲಿನ ಮೂರರಲ್ಲೆರಡು ಪಾಲು ನೆಡುತೋಪುಗಳಿಗೂ ಬೇಸಾಯಕ್ಕೂ ಬಲಿಯಾಯಿತೆಂದು ಉಪಗ್ರಹದ ಚಿತ್ರಗಳನ್ನು ಹೋಲಿಸಿದ ಸಂಶೋಧಕರು ೨೦೧೮ರಲ್ಲಿ ಪ್ರಕಟಿಸಿದರು. ಅಲ್ಲಿಯೂ ದಾಖಲೆಯಲ್ಲಿ ಹಸುರು ಹೆಚ್ಚಿತೆಂದೇ ಬರೆದಿರಬೇಕು!

ಎರಡನೆಯ ಪ್ರತಿಪಕ್ಷದವರು ಪಂಡಿತರು. ಆದ್ದರಿಂದ ಇವರೊಡನೆ ಎಚ್ಚರದಿಂದ ವಾದಿಸಬೇಕು. ಇವರು ಪಟ್ಟಿಯ ಜನ. ಬೇಣದಲ್ಲಿ ಇಂತಿಷ್ಟು ಜಾತಿಗಳಿವೆ, ಅವು ಉಳಿದಿದ್ದರೆ ಬೇಣ ಉಳಿದಂತೆ. ಹುಲ್ಲಿನ ಮೇಲುಗೈಯನ್ನು ಕೊಂಡಾಡುವದು ವೈವಿಧ್ಯಕ್ಕೆ ವಿರೋಧ ಎಂಬದು ಇವರ ಮತ. ತಮ್ಮ ಬೆಂಬಲಕ್ಕೆ ಅಮೇರಿಕೆಯ ಮಿನೆಸೋಟಾ ಪ್ರಾಂತದ ಡೇವಿಡ್ ಟಿಲ್ಮನ್ನರ ಪ್ರಯೋಗವನ್ನು ಇವರು ತರುವರು. ೧೯೮೮ರ ಬರಗಾಲದಲ್ಲಿ ಹೆಚ್ಚು ಜಾತಿಗಳಿದ್ದ ಹುಲ್ಲಿನ ತಾಕುಗಳು ಕಡಿಮೆ ಸೊರಗಿ ಬೇಗ ಚೇತರಿಸಿಕೊಂಡವೆಂದು ಟಿಲ್ಮನ್ನರೂ ಅವರ ಸಂಗಡಿಗರಾದ ಡೌನಿಂಗರೂ ೧೯೯೪ರಲ್ಲಿ ಬರೆದದ್ದು ಸತ್ಯ. ಅದನ್ನು ಅಲ್ಲಗಳೆಯುವದು ಹಟವಾದೀತು. ಊರಿಗೆ ಐವರು ಕಸುಬುದಾರರು ಬೇಕೆಂದು ಮೇಲೆಯೇ ಒಪ್ಪಿದ್ದಾಗಿದೆ. ಬರ ಬಂದಾಗ, ರೋಗ ಬಂದಾಗ ಚಿಕ್ಕವರೇ ಕೈಗೂಡುವರು.

ಆದರೆ ಇದರಿಂದ ಪಟ್ಟಿಯೇ ಪ್ರಮಾಣವೆಂದು ಹೇಗೆ ಸಿದ್ಧವಾಯಿತು? ಅದೇ ಅಮೇರಿಕೆಯ ಕಾನ್ಸಾಸ್ ಪ್ರಾಂತದ ಕೊಂಜಾ ಎಂಬ ಎತ್ತರಹುಲ್ಲಿನ ಬಯಲಿನಲ್ಲಿ ಮೆಲಿಂಡಾ ಸ್ಮಿತ್ ಮತ್ತು ಅಲನ್ ನ್ಯಾಪ್ ಎಂಬವರು ಮತ್ತೊಂದು ಬಗೆಯ ಪರೀಕ್ಷೆ ಮಾಡಿ ೨೦೦೩ರಲ್ಲಿ ಪ್ರಕಟಿಸಿದರು. ಕೆಲವು ತಾಕುಗಳಲ್ಲಿ ವಿರಳವಾದ ಜಾತಿಗಳನ್ನು ತೆಗೆದರು. ಕೆಲವುಗಳಲ್ಲಿ ಪ್ರಧಾನ ಹುಲ್ಲಿನ ರಾಶಿಯನ್ನು ತಗ್ಗಿಸಿದರು. ವಿರಳವಾದವು ಹೋದಾಗ ಹುಲ್ಲಿನ ಇಳುವರಿ ಆ ವರುಷಗಳಲ್ಲಿ ಕುಗ್ಗಲಿಲ್ಲ, ಯಾಕೆಂದರೆ ಪ್ರಧಾನ ಹುಲ್ಲು ಭಾರವನ್ನು ಹೊತ್ತಿತು. ಪ್ರಧಾನವಾದದ್ದು ತಗ್ಗಿದಾಗ ಇಳುವರಿ ಕುಗ್ಗಿತು. ಉಳಿದ ಜಾತಿಗಳ ಸಂಖ್ಯೆ ಅದನ್ನು ತುಂಬಿಕೊಡಲಿಲ್ಲ. ಎರಡೂ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡುವವನಿಗೆ ವಿರೋಧವೇನೂ ಕಾಣದು. ಪ್ರಧಾನವು ದಿನನಿತ್ಯದ ಸಂಸಾರವನ್ನು ನಡೆಸುವದು. ಚಿಕ್ಕವು ಆಪತ್ಕಾಲದ ಬಂಧುಗಳು. ಚಿಕ್ಕವು ಉಳಿಯುವದು ಕೂಡ ಪ್ರಧಾನದ ಆಶ್ರಯದಲ್ಲಿ ಎಂಬದನ್ನು ಪಟ್ಟಿಯ ಪಂಡಿತರು ಮರೆಯುವರು. ಕರಡದ ಹುಲ್ಲಿನ ನಡುವೆ ಗೌರಿಹೂವಿಗೂ ನೆಲದ ಸೀತಾಳೆಗೂ ಎಡೆಯುಂಟು. ಯುಪಟೋರಿಯಮ್ಮಿನ ಪೊದೆಯೊಳಗೆ ಅವುಗಳಿಗೆ ಉಸಿರಾಡಲೂ ಜಾಗವಿಲ್ಲ.

ಬ್ರಹ್ಮಸೂತ್ರದ ಭಾಷ್ಯದಲ್ಲಿ ಶಂಕರಾಚಾರ್ಯರು ಪ್ರಧಾನಮಲ್ಲನಿಬರ್ಹಣವೆಂಬ ನ್ಯಾಯವನ್ನು ಬಳಸಿದ್ದಾರೆ. ಮಲ್ಲರ ಕಣದಲ್ಲಿ ಮುಖ್ಯಮಲ್ಲನನ್ನು ಕೆಡವಿದ ಮೇಲೆ ಉಳಿದವರನ್ನು ಒಬ್ಬೊಬ್ಬರನ್ನಾಗಿ ಕೆಡವಬೇಕಾದದ್ದಿಲ್ಲ. ಅವರು ಸೋತಂತೆಯೇ ಲೆಕ್ಕ. ಅಲ್ಲಿ ಅದು ಪರಮತಗಳ ಖಂಡನೆಗೆ ಬಂದ ಮಾತು. ಬೇಣಗಳ ಮೇಲೆ ಪ್ರಯೋಗವಾದದ್ದೂ ಅದೇ ನ್ಯಾಯ. ಆದರೆ ಇಲ್ಲಿ ಸೋತವರು ಪರರಲ್ಲ.

ಮೂರನೆಯವರೊಬ್ಬರು ಉಳಿದಿದ್ದಾರೆ. ಬೇಣವು ಪ್ರಕೃತಿಯಿಂದ ಆದದ್ದಲ್ಲ, ಕಾಡನ್ನು ಕಡಿದು ಸುಟ್ಟು ಮನುಷ್ಯರು ಮಾಡಿದ್ದು. ಆದ್ದರಿಂದ ಅದಕ್ಕೆ ರಕ್ಷಣೆಯ ಹಕ್ಕಿಲ್ಲ, ಬಿಟ್ಟರೆ ತಾನಾಗಿ ಕಾಡಾಗಲಿ ಎಂದು ಇವರು ವಾದಿಸುವರು. ಇದರಲ್ಲಿ ಅರ್ಧ ಸತ್ಯವಿದೆ. ಎಲ್ಲ ಹುಲ್ಲುಗಾವಲುಗಳೂ ಮನುಷ್ಯಕೃತವೆಂಬದು ಸುಳ್ಳು: ನೀಲಗಿರಿಯ ಜವುಗಿನ ಕೊಳೆತ ಮಣ್ಣಿನ ಪದರಗಳನ್ನು ಪರೀಕ್ಷಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರರೂ ಅವರ ಸಂಗಡಿಗರೂ ೧೯೯೩ರಲ್ಲಿ ತೋರಿಸಿದ್ದೇನೆಂದರೆ, ಹವೆ ಒಣಗಿದಾಗ ಹುಲ್ಲೂ ತೇವವಾದಾಗ ಮರಗಳೂ ಮುಂದೆ ಬರುತ್ತ ಅಲ್ಲಿ ಹುಲ್ಲು ಇಪ್ಪತ್ತು ಸಾವಿರ ವರ್ಷಗಳಿಂದಲೂ ಇದೆ. ಆದರೆ ಶಿರಸಿ ಸೀಮೆಯ ಬೇಣಗಳಲ್ಲಿ ಅನೇಕವು ಕತ್ತಿ, ಬೆಂಕಿ, ದನಗಳ ಬಾಯಿ ಇವುಗಳಿಂದಲೇ ಆಗಿ ಅವುಗಳಿಂದಲೇ ಉಳಿದದ್ದೆಂಬದನ್ನು ಒಪ್ಪಬೇಕು. ಒಪ್ಪಿದರೇನಾಯಿತು? ಅಡಿಕೆಯ ತೋಟ ಯಾರು ಮಾಡಿದ್ದು? ಗದ್ದೆಯ ಹಾಳಿ, ಕೆರೆಯ ಏರಿ, ಸೊಪ್ಪು ಕಡಿದು ಕಡಿದು ಗಿಡ್ಡಾದ ಬೆಟ್ಟದ ಮರಗಳು ಇವೆಲ್ಲ ಸ್ವಯಂಭೂಗಳೇ? ಮನುಷ್ಯಕೃತವೆಂಬ ಕಾರಣದಿಂದ ತೋಟವನ್ನು ಬಿಟ್ಟು ಕಾಡಾಗಿಸಬೇಕೆಂದು ಇವರಲ್ಲಿ ಒಬ್ಬರೂ ಹೇಳಿದ್ದಿಲ್ಲ. ಅಲ್ಲದೆ ಬಿಟ್ಟ ಬೇಣವು ಈಗಿನ ಕಾಲದಲ್ಲಿ ಕಾಡಾಗುವದೆಂಬದೇ ಭ್ರಮೆ. ಕಳೆಯಿಲ್ಲದ ಕಾಲದಲ್ಲಿ ಹಾಗಾಗುತ್ತಿದ್ದೀತು. ಈಗ ಬಿಟ್ಟ ಬೇಣವು ಮೊದಲು ಯುಪಟೋರಿಯಮ್ಮಿನ ಕೈಗೆ, ಆಮೇಲೆ ಮಾಘದ ಕಿಚ್ಚಿನ ಬಾಯಿಗೆ ಹೋಗುವದು. ಮರದ ಸಸಿಗೆ ಅಲ್ಲಿ ತಲೆಯೆತ್ತುವ ಅವಕಾಶವೇ ದುರ್ಲಭ.

ಇಷ್ಟು ಹೇಳಿ ಅರಣ್ಯಖಾತೆಯ ಮೇಲೆಯೇ ಎಲ್ಲ ಅಪರಾಧವನ್ನು ಹೊರಿಸಿದರೆ ತೋಟಿಗರಿಗೆ ಬಹಳ ಸಂತೋಷವಾದೀತು. ಆ ಸಂತೋಷಕ್ಕೆ ಎಡೆಯಿಲ್ಲ. ಸವಲತ್ತಿನ ಬೇಣವನ್ನು ಕಾಗದದಲ್ಲಿ ಕಾದಿಟ್ಟುಕೊಂಡು ನೆಲದಲ್ಲಿ ಕೈಬಿಟ್ಟವರು ಯಾರು? ಕೊಟ್ಟಿಗೆಯಲ್ಲಿ ದನಗಳು ಕಡಿಮೆಯಾದವು; ಆಳಿನ ಕೂಲಿ ಏರಿತು; ಮಾಡಿಗೆ ಹಂಚು ಬಂತು; ಗೊಬ್ಬರ ಚೀಲದಲ್ಲಿ ಬಂತು. ಹೀಗಾಗಿ ಕರಡ ಕೊಯ್ಯುವದು ನಿಂತಿತು. ಇದರಲ್ಲಿ ಯಾವ ಒಂದು ಕಾರಣವೂ ಸುಳ್ಳಲ್ಲ. ಆದರೆ ಕೊಯ್ಯದ ಹುಲ್ಲು ತನ್ನ ಒಣಸೋಗೆಯಲ್ಲಿ ತಾನೇ ಹೂತು, ಬುಡದ ಚಿಗುರಿಗೆ ಬೆಳಕಿಲ್ಲದೆ, ಕೆಲವು ವರುಷಗಳಲ್ಲಿ ತೆಳುವಾಗುವದು. ಆ ತೆಳುವಾದ ನಡುವೆಯೇ ಕಳೆಯ ಬೀಜ ಬಿದ್ದು ಮೊಳೆಯುವದು. ಬೇಣದ ಒಡೆಯನಾದ ಹುಲ್ಲಿಗೆ ಬಲ ಬರುವದು ಕತ್ತಿಯಿಂದಲೂ ದನದ ಹಲ್ಲಿನಿಂದಲೂ. ಇವೆರಡನ್ನೂ ತಪ್ಪಿಸಿದವರು ಹುಲ್ಲನ್ನು ಕಾಪಾಡಿದವರಲ್ಲ. ಮಲೆನಾಡು ಗಿಡ್ಡವೆಂಬ ಚಿಕ್ಕ ಆಕಳು ಇಂಥ ಬೇಣದಲ್ಲಿಯೇ ಬದುಕಿ ಬಂದ ತಳಿ. ೨೦೧೨ರಲ್ಲಿ ಅದನ್ನು ದೇಶದ ತಳಿಗಳ ಪಟ್ಟಿಗೆ ಸೇರಿಸಿ ಗೌರವಿಸಿದರು. ಆದರೆ ಅದು ಮೇಯುವ ಹುಲ್ಲಿಗೆ ಯಾವ ಪಟ್ಟಿಯಲ್ಲಿಯೂ ಸ್ಥಾನ ಸಿಕ್ಕಲಿಲ್ಲ. ದೀಪಾವಳಿಯ ದಿನ ಆಕಳಿನ ಕೊರಳಿಗೆ ಹಾರ ಹಾಕಿ ಆರತಿಯೆತ್ತಿ, ಮರುದಿನ ಅಂಗಡಿಯ ಹಿಂಡಿಯ ಚೀಲವನ್ನು ಬಿಚ್ಚುವ ಭಕ್ತಿಯನ್ನು ಏನೆಂದು ಕರೆಯತಕ್ಕದ್ದು?

ಜನರು ಎಚ್ಚತ್ತ ಉದಾಹರಣೆಗಳು ದೂರವೇನೂ ಇಲ್ಲ. ದಾಸನಕೊಪ್ಪದ ಮೂಡಣಕ್ಕಿರುವ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ, ಹಳ್ಳಿಗಳ ಗೋಮಾಳಗಳನ್ನು ಕಾಗದದ ತಿರುಳಿನ ಮರಕ್ಕೆ ಕೊಟ್ಟದ್ದನ್ನು ಪ್ರತಿಭಟಿಸಿ ರೈತರು ೧೯೮೭ರ ನವೆಂಬರ ೧೪ರಂದು ನೀಲಗಿರಿ ಸಸಿಗಳನ್ನು ಕಿತ್ತು ಜನೋಪಯೋಗಿ ಸಸಿಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂಬ ಆ ಸತ್ಯಾಗ್ರಹವು ದೇಶದಲ್ಲೆಲ್ಲ ಹೆಸರಾಯಿತು. ಪಡುವಣದಲ್ಲಿ ಸಾಲ್ಕಣಿಯ ಜನರು ೧೯೮೩ರಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದದ್ದಂತೂ ಇತಿಹಾಸವೇ ಆಗಿದೆ. ಮರವನ್ನು ಅಪ್ಪಿಕೊಳ್ಳುವದು ಸುಲಭವಾಗಿತ್ತು, ಅದಕ್ಕೆ ಕಾಂಡವುಂಟು. ಹುಲ್ಲನ್ನು ಅಪ್ಪಿಕೊಳ್ಳಲಾಗದು, ಬಗ್ಗಿ ಕೊಯ್ಯಬೇಕು. ಬಗ್ಗುವ ಚಳವಳಿಗೆ ಜನ ಸಿಕ್ಕುವದು ಕಷ್ಟ.

ಹಾಗಾದರೆ ಮಾಡತಕ್ಕದ್ದೇನು? ಸರಕಾರವು ಬೇಣವನ್ನು ಬೀಳೆಂದೂ ಬೋಳುಗುಡ್ಡವೆಂದೂ ಬರೆಯುವದನ್ನು ಬಿಟ್ಟು, ಹುಲ್ಲುಗಾವಲೆಂಬ ಸ್ವತಂತ್ರವಾದ ಹೆಸರಿನಿಂದ ದಾಖಲೆ ಮಾಡಲಿ. ಹುಲ್ಲು ಇನ್ನೂ ಮೇಲುಗೈಯಾಗಿರುವ ಬೇಣದಲ್ಲಿ ಯಾವ ಮರವನ್ನೂ ನೆಡದಿರಲಿ, ಅದು ದೇಶೀಯವೇ ಆಗಿದ್ದರೂ ಸರಿಯೇ. ಒಂದು ಬೇಣ ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ಜಾತಿಗಳ ಪಟ್ಟಿಯೂ ಬೇಡ, ಹಸುರಿನ ಚಿತ್ರವೂ ಬೇಡ. ಕಾರ್ತಿಕದಲ್ಲಿ ಒಂದು ಮಾರು ಚೌಕವನ್ನು ಕೊಯ್ದು ಕರಡವೆಷ್ಟು ಕಳೆಯೆಷ್ಟು ಎಂದು ತೂಗಿದರೆ ಸಾಕು. ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ಇದು ಒಂದು ದಿನದ ಕೆಲಸ, ಗ್ರಾಮ ಅರಣ್ಯ ಸಮಿತಿಗೂ ಅಷ್ಟೇ. ಇನ್ನು ತೋಟಿಗನ ಪಾಲಿನದು. ಯುಪಟೋರಿಯಂ ಹೂ ಬಿಡುವದು ಮಾರ್ಗಶಿರದ ಹೊತ್ತಿಗೆ. ಅದಕ್ಕೆ ಮೊದಲು, ಆಶ್ವಿಜದ ಕೊನೆಯಲ್ಲಿ ಮಳೆಯ ತೇವ ಇನ್ನೂ ನೆಲದಲ್ಲಿರುವಾಗ, ಅದನ್ನು ಕಡಿಯದೆ ಬುಡಸಹಿತ ಕೀಳಬೇಕು. ಕಿತ್ತ ಜಾಗಕ್ಕೆ ಪಕ್ಕದ ಬಲಿತ ಕರಡದ ತೆನೆಗಳನ್ನು ತಂದು ಉದುರಿಸಬೇಕು. ಅದಾದ ಮೇಲೆ ಕರಡದ ಬೀಜ ಉದುರುವದನ್ನು ಕಾದು ಕತ್ತಿ ಹಾಕಬೇಕು. ಮೂರು ವರುಷ ಬಿಡದೆ ಮಾಡಿದ ಬೇಣಕ್ಕೂ ಮಾಡದ ಬೇಣಕ್ಕೂ ಇರುವ ಅಂತರವನ್ನು ಬೇಲಿಯ ಆಚೆಗೆ ನಿಂತು ಆಕಳೇ ತೋರಿಸಿಕೊಟ್ಟೀತು.